ಬಚ್ಚಲೊಳಗಿನ ಬಂಬ

ಉದಗೀರ, ಮಾರ್ಗಶಿರ, ಸೋಮವಾರ.

ಈ ಪೇಟೆಮನೆಯ ಹಿರಿಯಳು ನಾನು. ಇಲ್ಲಿ ಬಾಣಂತಿಗೆ ಎರೆಯುವುದು ನನ್ನ ಮಾತಿನಂತೆಯೇ. ಮಗ ಮನ್ಮಥಪ್ಪ ಸೊಲ್ಲಾಪುರದಿಂದ ನೀರು ಕಾಯಿಸುವ ತಾಮ್ರದ ಬಂಬ ತಂದು, ಇದ್ದಿಲು ತುಂಬಿ ಹೊತ್ತಿಸಿ ಬಚ್ಚಲೊಳಗೇ ಇಡಿಸಿದ. ಬಾಣಂತಿಗೆ ಗಾಳಿ ಸೋಕಬಾರದೆಂದು ನಾನು ಎಂದಿನಂತೆ ಕಿಟಕಿಗೆ ಕಂಬಳಿ ಕಟ್ಟಿಸಿದೆ.

"ಅತ್ತಿ, ಕಣ್ಣಿಗಿ ಕತ್ತಲಿ ಬರ್ಲಾಕತ್ತದ್ರಿ," ಎಂದು ಎರೆಸಿಕೊಳ್ಳುತ್ತಿದ್ದ ಬಾಣಂತಿ ಸೊಸೆ ಸುಗಂಧಾ ಕುಸಿದಳು. ಹೊರಗೆ ಎಳೆತಂದ ಮೇಲೆ ಚೇತರಿಸಿಕೊಂಡಳು.

ನನ್ನ ಬಾಣಂತನದಲ್ಲೂ ಕಂಬಳಿ ಇತ್ತು, ಆದರೆ ಹಂಡೆಯ ಒಲೆ ಅಂಗಳದಲ್ಲಿತ್ತು; ಕೆಂಡದ ಕೆಟ್ಟ ಗಾಳಿ ಬಚ್ಚಲಲ್ಲಿ ಕಟ್ಟಿಕೊಳ್ಳುತ್ತಿರಲಿಲ್ಲ. ತೊಗರಿಕಟ್ಟಿಗೆಯ ಹೊಗೆ ಹಿಡಿದ ಆ ನೀರನ್ನು ಅತ್ತೆ ಬೆನ್ನಿಗೆ ಹೊಯ್ದರೆ ತವರು ಮರೆಯುತ್ತಿತ್ತು.

"ಮತ್ತ ಹಳೀ ಹಂಡೇನೇ ಏನವ್ವಾ? ಬಂಬ ಮೆರವಣಿಗಿಗಿ ತಂದೀನೇನು?" ಎಂದ ಮಗ, ನಾನು ಅಂಗಳದ ಒಲೆಯ ಮಾತೆತ್ತಿದ ಕೂಡಲೇ.

"ಬಂಬ ಇರಲಿ. ಕೆಂಡ ಅಂಗಳದಾಗ ಇರಲಿ," ಎಂದೆ.

ಸಂಜೆಯೇ ಬಂಬವನ್ನು ಹೊರಗಿಡಿಸಿದೆ. ಬಿಸಿನೀರು ಒಳಗೆ ತರಿಸಿ, ಸುಗಂಧಾಳಿಗೆ ನಾನೇ ಎರೆದೆ.