ಒಳ್ಳೆಯ ಕೋಟು ಹಾಕಿಕೊಂಡು ಹೋದವನು

ಕಿಲ್‌ಡೀರ್, ನಾರ್ತ್ ಡಕೋಟಾ
ಸೆಪ್ಟೆಂಬರ್ ಕೊನೆಯ ಭಾನುವಾರ

ತಂಗಿ ಥೋರಾ,

ನಾನು ಕಾಗದ ಬರೆಯುವುದಿಲ್ಲವೆಂದು ಮೊಮ್ಮಗಳು ಬ್ರಿಟಾಳ ಹತ್ತಿರ ಫೋನಿನಲ್ಲಿ ನೀನು ಅತ್ತುಬಿಟ್ಟೆಯಂತೆ. ಅಳುವುದಕ್ಕೇನಿದೆ? ನಾನು ಪೆನ್ನು ಹಿಡಿದರೆ ಬೇಲಿಯ ಗೂಟ ಹಿಡಿದ ಹಾಗಿರುತ್ತದೆ, ನಿನಗೆ ಗೊತ್ತಿಲ್ಲವೇ? ಈಗ ಬರೆಯುತ್ತಿದ್ದೇನೆ. ತಪ್ಪು ಹುಡುಕಬೇಡ, ಓದು.

ನೀನು ಕೇಳಿದ್ದು ಒಂದೇ ಮಾತು. ಅಮ್ಮನ ಗೋರಿಯ ಪಕ್ಕದ ಖಾಲಿ ಜಾಗದಲ್ಲಿ, ನೆಲ ಹೆಪ್ಪುಗಟ್ಟುವ ಮೊದಲು, ಅಪ್ಪನ ಹೆಸರಿನ ಕಲ್ಲು ನಿಲ್ಲಿಸಬೇಕು. ಮಕ್ಕಳಿಬ್ಬರೂ ಒಪ್ಪದೆ ಚರ್ಚಿನವರು ಬಿಡುವುದಿಲ್ಲ. ನಾನು ಬೇಡ ಎಂದೆ. ಕಲ್ಲು ಸತ್ತವರಿಗೆ, ಬಿಟ್ಟು ಓಡಿದವರಿಗಲ್ಲ ಎಂದೆ. ನೀನು ಫೋನು ಇಟ್ಟುಬಿಟ್ಟೆ.

ಥೋರಾ, ನೀನಾಗ ತೊಟ್ಟಿಲಲ್ಲಿದ್ದೆ. ನಿನಗೆ ಸಿಕ್ಕಿದ್ದು ಅಮ್ಮ ಹೇಳಿದ ಅಪ್ಪ. ನನಗೆ ಸಿಕ್ಕಿದ್ದು ಊರು ಹೇಳಿದ ಅಪ್ಪ. ಕೊರಕಲಿಗೆ ಇಳಿದುಹೋದ ಕಡಸನ್ನು ಹುಡುಕಿಕೊಂಡು ಬರುತ್ತೇನೆಂದು ಹೋದ. ಮಾರನೆಯ ದಿನ ಹಿಮ ಬಿತ್ತು. ಕಡಸು ತಾನಾಗಿಯೇ ಬಂತು, ಅವನು ಬರಲಿಲ್ಲ. ಜನ ಕುದುರೆ ತಂದು ಹುಡುಕಿದರು. ಆಮೇಲೆ ಯಾರೋ ಗೂಟಕ್ಕೆ ನೇತುಹಾಕಿದ ಬಟ್ಟೆ ನೋಡಿದರು. ಕೆಲಸದ ಕೋಟು ಅಲ್ಲೇ ಇತ್ತು, ಚರ್ಚಿಗೆ ಹಾಕುವ ಕೋಟು ಇರಲಿಲ್ಲ. ಅಲ್ಲಿಗೆ ಹುಡುಕಾಟ ಮುಗಿಯಿತು. ಕಡಸು ಹುಡುಕುವುದಕ್ಕೆ ಒಳ್ಳೆಯ ಕೋಟು ಯಾರು ಹಾಕಿಕೊಂಡು ಹೋಗುತ್ತಾರೆ? ಮೇವಿನ ಅಂಗಡಿಗೆ ಹೋದರೆ ಸಾಕು, ಆ ಮುದುಕ ಹಾಲ್ವರ್ ಎಲ್ಲರಿಗೂ ಕೇಳುವ ಹಾಗೆ, "ಏನೋ ಓರ್ವಿನ್, ನಿಮ್ಮಪ್ಪ ಮೊಂಟಾನಾದಲ್ಲಿ ಹೊಸ ಸಂಸಾರ ಹೂಡಿದಾನಂತಲ್ಲೋ! ಮದುವೆ ಊಟ ಹಾಕಿಸ್ಲಿಲ್ಲವಲ್ಲೋ!" ಎನ್ನುತ್ತಿದ್ದ. ನಾನು ಶಾಲೆ ಬಿಟ್ಟು ಹಾಲು ಕರೆಯುತ್ತಿದ್ದ ಹುಡುಗ, ಏನು ಹೇಳಲಿ? ಒಂದು ಸಲ ಅವನ ಮೊಣಕಾಲಿಗೆ ಒದ್ದು ಬಂದೆ. ಆದರೆ ಅವನ ಮಾತನ್ನು ನಂಬಿದೆ.

ಬ್ರಿಟಾ ನನ್ನನ್ನು ಕೇಳದೆಯೇ ಪಾರ್ಕಿನಲ್ಲಿ ಡೇರೆಯ ಜಾಗ ಹಿಡಿದಿದ್ದಳು. "ಅಜ್ಜ, ಜನಾನೇ ಇರಲ್ಲ, ಸುಮ್ನೆ ನಡ್ಕೊಂಡು ಬರೋಣ" ಎಂದಳು. ನೀನೇ ಹೇಳಿಕೊಟ್ಟಿದ್ದೆ ಎಂದು ನನಗೆ ಗೊತ್ತು. ಪಾರ್ಕಂತೆ! ನಮ್ಮ ಮನೆಯಿದ್ದ ಜಾಗ ಅದು. ಈಗ ಅಲ್ಲಿ ನೆಲಮಾಳಿಗೆಯ ಗುಂಡಿ, ಅಮ್ಮ ನೆಟ್ಟ ಲೈಲಾಕ್ ಹೂವಿನ ಪೊದೆ, ಸುತ್ತ ಹುಲ್ಲು. ಅದರಾಚೆ ಭೂಮಿಯೇ ಒಡೆದು ಬೀಳುತ್ತದೆ, ಬೂದಿ ಬಣ್ಣದ ಮಣ್ಣಿನ ಗುಡ್ಡಗಳು, ಕೊರಕಲುಗಳು, ಕೆಳಗೆ ನದಿ. ಹುಲ್ಲಿನ ಆಚೆ ಎಣ್ಣೆ ಬಾವಿಗಳ ಬೆಂಕಿ ಹಗಲಿಗೂ ಕಾಣುತ್ತದೆ. ಅದು ಬಿಟ್ಟರೆ ಯಾರೂ ಇಲ್ಲ.

ಸಂಜೆ ಅವಳು ಯಾವುದೋ ಪೊಟ್ಟಣಕ್ಕೆ ಬಿಸಿನೀರು ಸುರಿದು, ಕೋಳಿ ಪಲ್ಯ ತಿನ್ನು ಎಂದಳು. ಕೋಳಿ ಆ ದಾರಿಯಲ್ಲೂ ಹಾದುಹೋಗಿರಲಿಲ್ಲ. ಕಾಫಿ ಮಾತ್ರ ನಾನೇ ಕಾಸಿದೆ. ಲೋಟ ಹಿಡಿದು ಪೊದೆಯ ಹತ್ತಿರ ಹೋಗಿ ಬರುವಾಗ ಅವಳು ಕೂಗಿದಳು. "ಅಜ್ಜ, ನೆಟ್ಟಗೆ ಬರೋದು ಬಿಟ್ಟು ಹಿಂಗ್ಯಾಕೆ ಸುತ್ತು ಹಾಕ್ತೀಯ?"

"ಗೋಡೆ ಇದೆಯಲ್ಲೇ" ಎಂದೆ.

"ಎಲ್ಲಿ?"

ಆಗ ನೋಡಿಕೊಂಡೆ. ಅಡುಗೆಮನೆಯ ಗೋಡೆಯನ್ನು ಬಳಸಿ, ಬಾಗಿಲಿದ್ದ ಕಡೆಯಿಂದ ಬಂದಿದ್ದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಥೋರಾ, ಅಪ್ಪ ಹೋದ ಮೇಲೆ ಆ ಬಾಗಿಲಿಗೆ ಅಮ್ಮ ಯಾವತ್ತೂ ಅಗುಳಿ ಹಾಕಲಿಲ್ಲ. ಚಳಿಗಾಲದಲ್ಲಿ ಹಿಮ ಒಳಗೆ ಬೀಳುತ್ತಿತ್ತು, ನಾನು ಗುಡಿಸುತ್ತಿದ್ದೆ. ಗುಡಿಸುತ್ತಾ ಬೈಯುತ್ತಿದ್ದೆ.

ಬೆಳಗ್ಗೆ ಬ್ರಿಟಾ ಕೊರಕಲಿಗೆ ಇಳಿಯುವ ದಾರಿ ಹಿಡಿದಳು. ಕೋಲೂರಿಕೊಂಡು ಹಿಂದೆ ಹೋದೆ. ಹೋದ ಚಳಿಗಾಲ ಸೊಂಟ ಕೆಟ್ಟ ಮೇಲೆ ಬಲಗಾಲು ಎಳೆಯುತ್ತದೆ, ಬೇಗ ಹೋಗಲಾಗದು. ಗಾಳಿ ನಿಂತಿತ್ತು. ಅಲ್ಲಿ ಗಾಳಿ ನಿಂತರೆ ನಿನಗೇನಾಗುತ್ತದೋ ಗೊತ್ತಿಲ್ಲ, ನನಗೆ ಯಾರೋ ಉಸಿರು ಹಿಡಿದು ನಿಂತ ಹಾಗೆ ಅನಿಸುತ್ತದೆ. ತಿರುವಿನಲ್ಲಿ ಬರೀ ಜೇಡಿಮಣ್ಣು. ಅದರ ಮೇಲೆ ಹೊಸ ಹೆಜ್ಜೆಗಳು.

ಒಂದು ಹೆಜ್ಜೆ ಪೂರ್ತಿ, ಒಂದು ಗೀರು. ಒಂದು ಪೂರ್ತಿ, ಒಂದು ಗೀರು. ಎಡಗಾಲು ಊರಿದೆ, ಬಲಗಾಲು ಎಳೆದಿದೆ. ನಮ್ಮಪ್ಪನ ಬಲಗಾಲಿನ ಮೇಲೆ ಕುದುರೆ ಬಿದ್ದಿತ್ತಲ್ಲ. ಅವನು ಅಂಗಳ ದಾಟಿದರೆ ಧೂಳಿನಲ್ಲಿ ಹೀಗೆಯೇ ಬರೆದ ಹಾಗಿರುತ್ತಿತ್ತು. ಹಾಸಿಗೆಯಲ್ಲಿ ಮಲಗಿಯೇ ಆ ಸದ್ದು ಗುರುತು ಹಿಡಿಯುತ್ತಿದ್ದೆ.

ಹೆಜ್ಜೆ ಕೆಳಗಿನಿಂದ ಮೇಲಕ್ಕೆ ಬಂದಿದ್ದವು. ನಾನು ಬ್ರಿಟಾಳನ್ನು ಬಿಟ್ಟು ಅವುಗಳ ಹಿಂದೆ ತಿರುಗಿ ಹತ್ತಿದೆ. ದಾರಿ ಬಿಟ್ಟು, ಕುರುಚಲು ಗಿಡಗಳ ಮಧ್ಯೆ, ಹಳೆಯ ದನದ ಜಾಡಿನಲ್ಲಿ. ಅಲ್ಲಲ್ಲಿ ನಿಂತು ಸುಧಾರಿಸಿಕೊಂಡ ಗುರುತು. ಹುಲ್ಲು ಶುರುವಾಗುವ ಅಂಚಿನಲ್ಲಿ ಎರಡೂ ಪಾದ ಜೋಡಿಸಿ ನಿಂತಿದ್ದವು. ಬೂಟಿನ ತುದಿಗಳು ನಮ್ಮ ಮನೆಯ ಕಡೆಗೆ. ಅಮ್ಮನ ಪೊದೆ ಅಲ್ಲಿಂದ ನೇರ ಕಾಣುತ್ತದೆ. ಮುಂದೆ ಬರೀ ಹುಲ್ಲು, ಗುರುತಿಲ್ಲ.

ಬ್ರಿಟಾ ಏದುಸಿರು ಬಿಡುತ್ತಾ ಬಂದಳು. "ಹೇಳದೆ ಕೇಳದೆ ಹೀಗೆ ಹೋಗೋದಾ? ಜೀವಾನೇ ಹೋಗಿತ್ತು ನಂಗೆ!" ಆಮೇಲೆ ನೆಲ ನೋಡಿ, "ಅಯ್ಯೋ, ಇದು ನಿಂದೇ ಹೆಜ್ಜೆ ಅಲ್ವಾ ಅಜ್ಜ? ನಿನ್ನೆ ಇಲ್ಲಿಗೆ ಬಂದಿದ್ಯಾ?" ಎಂದಳು.

"ಹೂಂ, ನಂದೇ" ಎಂದೆ.

"ಹಾಗಾದ್ರೆ ಯಾಕೆ ಅಳ್ತಿದೀಯ?"

"ಬಿಸಿಲು ಕಣೇ, ಮುಂದೆ ನಡಿ" ಎಂದು ಗದರಿದೆ.

ಥೋರಾ, ಆ ಕೋಟು ಯಾಕೆ ಹಾಕಿಕೊಂಡ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೆಲಸದ ಕೋಟು ಒದ್ದೆಯಾಗಿತ್ತೋ ಏನೋ. ಅಷ್ಟೇ ಇರಬಹುದು. ಒಂದು ಒದ್ದೆ ಕೋಟಿಗಾಗಿ ಇಷ್ಟು ವರ್ಷ ಒಬ್ಬ ಮನುಷ್ಯನನ್ನು ಮೊಂಟಾನಾದಲ್ಲಿ ಇಟ್ಟಿದ್ದೆವು, ನಾನು ಮತ್ತು ಊರು. ಕಲ್ಲು ನಿಲ್ಲಿಸು. ಚರ್ಚಿನವರಿಗೆ ಓರ್ವಿನ್ ಒಪ್ಪಿದ ಎಂದು ಹೇಳು, ನಂಬದಿದ್ದರೆ ನನಗೆ ಫೋನು ಮಾಡಲಿ, ನನ್ನ ಬಾಯಿಂದಲೇ ಕೇಳಿಸಿಕೊಳ್ಳಲಿ. ಬೂದು ಕಲ್ಲು ಬೇಡ, ಕೆಂಪು ತರಿಸು. ಅಮ್ಮನಿಗೆ ಕೆಂಪು ಇಷ್ಟವಿತ್ತು.

ಮಾತ್ರೆ ಸರಿಯಾಗಿ ನುಂಗು. ನುಂಗಿದೆ ಎಂದು ಸುಳ್ಳು ಹೇಳಬೇಡ.

ನಿನ್ನ ಅಣ್ಣ
ಓರ್ವಿನ್

ಮರೆತ ಮಾತು: ಇದನ್ನು ಬ್ರಿಟಾಳಿಗೆ ಹೇಳಬೇಡ, ಆ ಹೆಜ್ಜೆ ನನ್ನವಲ್ಲ. ಆ ಜೇಡಿ ಒದ್ದೆಯಿದ್ದಾಗ ಮಾತ್ರ ಅಚ್ಚು ಹಿಡಿಯುತ್ತದೆ, ಒಣಗಿದರೆ ಕಾಡೆಮ್ಮೆ ತುಳಿದರೂ ಗೀರು ಬೀಳದು. ಅಲ್ಲಿ ಆಗಸ್ಟಿನಿಂದ ಮಳೆಯಿಲ್ಲ. ನಾನು ಪಕ್ಕದಲ್ಲಿ ಬೂಟು ಊರಿ, ಎಳೆದು ನೋಡಿದೆ. ಏನೂ ಬೀಳಲಿಲ್ಲ. ಕಲ್ಲಿನ ಮೇಲೆ ಅಪ್ಪನ ಹೆಸರು, ಹುಟ್ಟಿದ ವರ್ಷ ಸಾಕು. ಸತ್ತ ವರ್ಷ ಕೆತ್ತಿಸಬೇಡ. ಅವನಿನ್ನೂ ಮನೆ ಮುಟ್ಟಿಲ್ಲ.