ಒಂಟಿ ಚಕ್ರದ ಭಾರ

ಜನವರಿ 23, ಗುರುವಾರ, ಶಿಕಾರಿಪುರ

ನಾಡಿದ್ದು ಏರ್‌ಪೋರ್ಟ್ ಕೆಲಸದ ಪರೀಕ್ಷೆ. ಪುಸ್ತಕ ತೆರೆದಿದ್ದೇನೆ, ತಲೆಗೆ ಹತ್ತುತ್ತಿಲ್ಲ. ‘ಎಸ್’ ಎಂದರೆ ವಿಮಾನದ ಕಾಲಿಗೆ ಒಂದೇ ಚಕ್ರ, ‘ಡಿ’ ಎಂದರೆ ಜೋಡಿ, ‘2ಡಿ’ ಎಂದರೆ ಹಿಂದೆ ಮುಂದೆ ಎರಡು ಜೋಡಿ. ಚಕ್ರ ಹೆಚ್ಚಿದಷ್ಟೂ ಭಾರ ಹಂಚಿಹೋಗಿ, ಅದೇ ರನ್‌ವೇ ಹೆಚ್ಚು ತೂಕ ತಾಳುತ್ತದೆ.

ಮಧ್ಯಾಹ್ನ, ತೀರಿಕೊಂಡ ಅಜ್ಜಿಯ ಜನಾಜಾ ಹೊರಟಿತು. ಸೊರಬದಿಂದ ನೆಂಟರೆಲ್ಲ ಬಂದಿದ್ದರು. ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟುತ್ತ ಹೋದ ಅಜ್ಜಿ ಯಾರಿಗೂ ಭಾರವಾಗಲಿಲ್ಲ.

ಪಕ್ಕದ ಮನೆಯ ನಿರ್ಮಲಮ್ಮ ಅಮ್ಮಿಗೆ, “ಎಷ್ಟ್ ಜನ ಹೆಗಲು ಕೊಟ್ರು ನೋಡ್ರೀ, ನಿಮ್ಮತ್ತೆ ಪುಣ್ಯವಂತ್ರು” ಅಂದರು.

ಲಕ್ವ ಹೊಡೆದ ಅಜ್ಜಿಯನ್ನು ಇಷ್ಟು ವರ್ಷ ಮಂಚದಿಂದ ಬಚ್ಚಲಿಗೆ ಎತ್ತಿ ಒಯ್ದವಳು ಅಮ್ಮಿಯೊಬ್ಬಳೇ. ಈಗ ಸೊಂಟ ಹಿಡಿದುಕೊಂಡು ಮಲಗಿದ್ದಾಳೆ. ಲೈಟ್ ಆರಿಸು ಎನ್ನುತ್ತಿದ್ದಾಳೆ.

ಆ ಹೆಗಲುಗಳೆಲ್ಲ ಆಗಲೂ ಸೊರಬದಲ್ಲೇ ಇದ್ದವು.