ಸ್ಟಿಯರಿಂಗಿಗೆ ಕಟ್ಟಿದ ಅರಿಶಿನ ದಾರ

ಗುಬ್ಬಿ
೨೩ ನವೆಂಬರ್ ೨೦೨೫

ಪ್ರೀತಿಯ ದೀಪಿಕಾ,

ಹೇಗಿದ್ದೀಯೆ? ನೀನು ಕಾರು ಸರಿಮಾಡಿ ಕಳಿಸಿ ಹದಿನೈದು ದಿನವಾಯಿತು, ಇವಳು ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ ಅಂತ ಬೈದುಕೊಂಡಿರುತ್ತೀಯ. ಬೈದುಕೋ. ನಿನ್ನ ನಂಬರ್ ಒತ್ತಿ ಒತ್ತಿ ಕಟ್ ಮಾಡಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಹೈಸ್ಕೂಲಿನಲ್ಲಿ ನನ್ನ ನೋಟ್ಸ್ ನೋಡಿ ಬರೆಯುತ್ತಿದ್ದವಳು ಈಗ ವಸಂತನರಸಾಪುರದ ವರ್ಕ್‌ಶಾಪಿನಲ್ಲಿ ದೊಡ್ಡ ಟೆಕ್ನಿಷಿಯನ್. ನನ್ನ ಅಕ್ಷರ ಇನ್ನೂ ಓದಲು ಬರುತ್ತೆ ತಾನೆ?

ಅಪ್ಪ ನಿನ್ನೆ ಕುಣಿಗಲ್‌ಗೆ ಬಾಡಿಗೆ ಹೋಗಿಬಂದರು. ಇದನ್ನು ಬರೆಯುವುದೇ ಒಂದು ಸಂತೋಷ.

ಹೋದ ತಿಂಗಳು ಕ್ಯಾತ್ಸಂದ್ರದ ಹತ್ತಿರ ನೆಟ್ಟಗಿನ ರಸ್ತೆಯಲ್ಲಿ ಕಾರು ತಾನಾಗಿ ಬ್ರೇಕ್ ಹಿಡಿದು ಡಿವೈಡರಿಗೆ ಗುದ್ದಿತು ಅಂದರೆ ಯಾರು ನಂಬುತ್ತಾರೆ? ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಮೂವತ್ತೈದು ವರ್ಷದ ಡ್ರೈವರ್ ಸಿದ್ದಯ್ಯನಿಗೆ ಕೈ ನಡುಗುತ್ತೆ ಅಂತ ಊರೆಲ್ಲ ಆಯಿತು. "ನನ್ ಕೈ ನಡುಗ್ಲಿಲ್ಲ ಕಣವ್ವ" ಅಂತ ಅಪ್ಪ ಒಂದೇ ಸಲ ಹೇಳಿದರು. ಅಮ್ಮ ಕೂಡ "ವಯಸ್ಸಾಯ್ತು ಬುಡು, ಇನ್ ಮನೇಲಿರು" ಅಂದುಬಿಟ್ಟಳು.

ನೀನು ಮಾತ್ರ ಅಪ್ಪನನ್ನು ಪಕ್ಕ ಕೂರಿಸಿಕೊಂಡು ಸ್ಟಿಯರಿಂಗ್ ಬಿಚ್ಚಿ ತೋರಿಸಿದೆ. ಈಗ ಅವರು ಅಮ್ಮನ ಜರಡಿ, ಟಾರ್ಚು ಹಿಡಿದು ಬಂದವರಿಗೆಲ್ಲ ಪಾಠ ಮಾಡುತ್ತಾರೆ. "ಒಳ್ಗೆ ಸೀಳುಸೀಳಾಗಿರೋ ಒಂದು ಬಿಲ್ಲೆ ಐತೆ. ಈ ಕಡೆ ಲೈಟು, ಆ ಕಡೆ ಎರಡು ಕಣ್ಣು. ಬಿಲ್ಲೆ ತಿರುಗ್ದಂಗೆ ಬೆಳಕು ಬಿದ್ದು ಬಿದ್ದು ಹೋಯ್ತದೆ. ಎಷ್ಟು ಸಲ ಬಿತ್ತು ಅಂತ ಎಣಿಸಿದ್ರೆ ಎಷ್ಟು ತಿರುಗ್ತು ಅಂತ ಗೊತ್ತು. ಯಾವ್ ಕಣ್ಗೆ ಮೊದ್ಲು ಬಿತ್ತು ಅನ್ನೋದ್ರಲ್ಲಿ ಎಡವೋ ಬಲವೋ ಗೊತ್ತು. ಆದ್ರೆ ನೆಟ್ಟಗೆ ಅಂದ್ರೆ ಯಾವ್ದು ಅಂತ ನಾವೇ ಹೇಳ್ಕೊಡ್ಬೇಕು." ಗುದ್ದುವ ಮುಂಚೆ ಚಕ್ರದ ಅಲೈನ್‌ಮೆಂಟ್ ಮಾಡಿದ ಅಂಗಡಿಯವನು ಅದನ್ನೇ ಕಾರಿನ ಕಂಪ್ಯೂಟರಿಗೆ ಹೇಳಿಕೊಡದೆ ಬಿಟ್ಟಿದ್ದ. ನೇರ ಹೋಗುತ್ತಿದ್ದರೂ ಸ್ಟಿಯರಿಂಗ್ ತಿರುಗಿದೆ, ಗಾಡಿ ಮಾತ್ರ ತಿರುಗದೆ ಜಾರುತ್ತಿದೆ ಅಂದುಕೊಂಡು ಕಾರು ಬ್ರೇಕ್ ಹಿಡಿದಿತ್ತು.

"ಅಂಕಲ್, ನಿಮ್ ಕೈಯಲ್ಲಿ ಏನೂ ತಪ್ಪಿಲ್ಲ" ಅಂತ ಎಲ್ಲರೆದುರು ಹೇಳಿದೆಯಲ್ಲ, ಅವತ್ತು ಅಪ್ಪ ಮನೆಗೆ ಬಂದು ಎರಡನೇ ಸಲ ಮುದ್ದೆ ಹಾಕಿಸಿಕೊಂಡರು. ಒಂದು ತಿಂಗಳಿಂದ ಅರ್ಧಕ್ಕೇ ಏಳುತ್ತಿದ್ದವರು. ಈ ಉಪಕಾರ ನಾನು ಮರೆಯುವುದಿಲ್ಲ ಕಣೇ. ನೀನು ನೂರು ಕಾಲ ಚೆನ್ನಾಗಿರು. ಅವರೆಕಾಯಿ ಶುರುವಾಗಿದೆ, ಬಿಡುವು ಮಾಡಿಕೊಂಡು ಬಾ.

ನಿನ್ನ
ಮಂಗಳಗೌರಿ

ತಾ.ಕ.: ಆಯುಧಪೂಜೆಗೆ ಸ್ಟಿಯರಿಂಗಿನ ನೆತ್ತಿಗೆ ಅರಿಶಿನ ದಾರ ಕಟ್ಟುವುದು ಪ್ರತಿವರ್ಷ ನಾನೇ. ಈ ಸಲ ನೇರ ಹೋಗುವಾಗ ದಾರ ವಾರೆ ನಿಲ್ಲುತ್ತಿತ್ತು. ಅಲೈನ್‌ಮೆಂಟಿಗೆ ಕಾರು ಒಯ್ದವಳೂ ನಾನೇ. ಅಂಗಡಿಯವನು "ಕಂಪ್ಯೂಟರ್ ಹಾಕ್ಬೇಕು, ಅರ್ಧ ಗಂಟೆ ಆಯ್ತದೆ" ಅಂದಿದ್ದ. "ಅದೆಲ್ಲ ಬೇಡ, ದಾರ ನೆಟ್ಟಗೆ ಬಂದ್ರೆ ಸಾಕು" ಅಂದೆ. ಕಾರು ಗುದ್ದಿದ ಮೇಲೆ ಅಪ್ಪನ ಕೈಯಿಂದ ಕೀ ಕಿತ್ತಿಟ್ಟುಕೊಂಡವಳೂ ನಾನೇ. ಅಂಗಡಿಯಲ್ಲಿ ನಾನು ಅಂದದ್ದನ್ನು ಇನ್ನೂ ಅವರಿಗೆ ಹೇಳಿಲ್ಲ. ಅಂಗಡಿಯವನನ್ನು ಯಾರಾದರೂ ಬೈದರೆ ಅಪ್ಪ ತಡೆಯುತ್ತಾರೆ. "ಪಾಪ, ಯಾರೋ ಅರ್ಜೆಂಟ್ ಮಾಡಿರ್ತಾರೆ, ಬುಡಿ" ಅನ್ನುತ್ತಾರೆ. ಹಾಗನ್ನುವಾಗ ನನ್ನ ಕಡೆ ಮಾತ್ರ ನೋಡುವುದಿಲ್ಲ.